ತೋರಣದ ಮೊಳೆಗಳು

ಭದ್ರಾವತಿ ಕಾರ್ಖಾನೆಗಳ ಊರು. ಅಲ್ಲಿನ ತವರಿನಲ್ಲಿ ಬಾಣಂತನ ಮುಗಿಯುವವರೆಗೂ ಒಮ್ಮೆಯೂ ಕೆಮ್ಮದ ನನ್ನ ಮಗಳು ಸ್ಪಂದನಾ, ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಬಂದ ವಾರದಲ್ಲೇ ಕೆಮ್ಮತೊಡಗಿದಳು. ನನ್ನ ಅತ್ತೆ ಮಹಾಂತಮ್ಮ ಒಗ್ಗರಣೆ ಹಾಕಿದರೆ ಸಾಕು, ನಡುಮನೆಯ ತೊಟ್ಟಿಲಲ್ಲಿ ಮಗುವಿನ ಮುಖ ಕೆಂಪಾಗುತ್ತಿತ್ತು. ಡಾಕ್ಟರು ಸಿರಪ್ ಬದಲಿಸಿದರು, ನಾನು ಎದೆಗೆ ಬಿಸಿ ಎಣ್ಣೆ ಹಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗಿತ್ತು ನಮ್ಮ ಕಥೆ.

ನಮ್ಮ ಅಡುಗೆಮನೆಗೆ ಕಿಟಕಿಯಿಲ್ಲ. ಅದರ ಗೋಡೆಗೆ ಅಂಟಿಕೊಂಡೇ ಪಕ್ಕದವರ ಗೋಡೆ. ಹಾಗಾಗಿ ತೀರಿಹೋದ ಮಾವ ಮನೆ ಕಟ್ಟಿಸುವಾಗಲೇ ಒಲೆಯ ಮೇಲೊಂದು ಫ್ಯಾನ್ ಕೂರಿಸಿ, ಅದು ತಳ್ಳುವ ಹೊಗೆಯನ್ನು ತಗಡಿನ ಕೊಳವೆಯಲ್ಲಿ ನಡುಮನೆಯೊಳಗಿಂದ, ದೇವರ ಕೋಣೆಯ ಬಾಗಿಲ ಮೇಲಾಗಿ ಹಾಯಿಸಿ ಬೀದಿ ಕಡೆಗೆ ಬಿಟ್ಟಿದ್ದರು. ತಗಡು ನೋಡಲು ಚೆನ್ನಾಗಿರುವುದಿಲ್ಲವೆಂದು ಅದಕ್ಕೆ ಪ್ಲೈವುಡ್ ಹೊದಿಸಿ ಬಣ್ಣ ಬಳಿಸಿದ್ದರು. ಫ್ಯಾನ್ ಅಷ್ಟು ಸದ್ದು ಮಾಡುವಾಗ ಹೊಗೆ ಹೊರಗೇ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದೆವು.

ತೊಟ್ಟಿಲನ್ನು ನಮ್ಮ ಮಲಗುವ ಕೋಣೆಗೆ ಒಯ್ಯೋಣವೆಂದರೆ ಅತ್ತೆ ಒಪ್ಪಲಿಲ್ಲ. ಮಗು ದೇವರ ಎದುರಿಗೇ ಮಲಗಬೇಕು. ಹಟದಲ್ಲಿ ಅವರೂ ಒಂದೇ, ನಾನೂ ಒಂದೇ. ಆದರೆ ಮಗುವಿನ ಕೆಮ್ಮು ನೋಡಲಾರದೆ ಒಂದು ದಿನ ಅತ್ತೆಯೇ ಸೀಮೆಎಣ್ಣೆ ಸ್ಟೋವನ್ನು ತಾರಸಿಗೆ ಹೊತ್ತರು. ಅಂದಿನಿಂದ ಒಗ್ಗರಣೆಯೆಲ್ಲ ಬಿಸಿಲಿನಲ್ಲಿ. ಮಂಡಿನೋವಿನ ಹೆಂಗಸು ಸಾರಿನ ಪಾತ್ರೆ ಹಿಡಿದು "ಶಿವಾ, ಶಿವಾ" ಎನ್ನುತ್ತ ಮೆಟ್ಟಿಲು ಹತ್ತುವಾಗ ನನಗೆ ಪಾಪವೂ ಅನ್ನಿಸುತ್ತಿತ್ತು, ನನ್ನನ್ನು ಹಂಗಿಸಲೆಂದೇ ಹತ್ತುತ್ತಾರೆ ಎಂದು ಸಿಟ್ಟೂ ಬರುತ್ತಿತ್ತು.

ರೊಟ್ಟಿ, ಪಲ್ಯ ಮಾತ್ರ ಒಳಗೇ ಆಗಬೇಕಿತ್ತು. ಕೆಮ್ಮು ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಅತ್ತೆಯೇ ಹೇಳಿದರು:

"ಮಗು ದೊಡ್ಡದಾಗೋವರ್ಗೂ ನಿಮ್ಮಮ್ಮನ ಮನೇಲೇ ಇರು ಮಾರಾಯ್ತಿ. ರುದ್ರೇಶ ಭಾನುವಾರ ಭಾನುವಾರ ಬಸ್ ಹತ್ತಿ ಬರ್ತಾನೆ."

ಗಂಡ ರುದ್ರೇಶ್ ತಲೆ ತಗ್ಗಿಸಿದರು. ನನ್ನ ಮನೆಯಿಂದ ನನ್ನನ್ನೇ ಕಳಿಸುತ್ತಿದ್ದಾರೆ ಎನ್ನಿಸಿತು. ಯುಗಾದಿ ಮುಗಿದ ಮರುದಿನಕ್ಕೆಂದು ಬ್ಯಾಗು ತುಂಬಿದೆ.

ಯುಗಾದಿ ದಿನ ಅತ್ತೆ ಸ್ಟೂಲ್ ಹತ್ತಿ ದೇವರ ಕೋಣೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಗೋಡೆಗೆ ಮೊಳೆ ಹೊಡೆದರೆ ಡೊಂಕಾಗುತ್ತದೆ. ಪ್ಲೈವುಡ್ಡಿಗೆ ಸಲೀಸಾಗಿ ಇಳಿಯುತ್ತದೆ. ಹಬ್ಬ ಹಬ್ಬಕ್ಕೂ ಅಲ್ಲೇ ಹೊಡೆಯುವುದು, ಎಲೆ ಒಣಗಿದ ಮೇಲೆ ಕೀಳುವುದು.

ಹೋಳಿಗೆ ಬೇಯಲು ಶುರುವಾಯಿತು. ಅಡುಗೆಮನೆಯ ಬಾಗಿಲು ಹಾಕಿತ್ತು, ಗಾಳಿ ಬರಬಾರದೆಂದು ನಡುಮನೆಯ ಕಿಟಕಿಗಳನ್ನೂ ಮುಚ್ಚಿದ್ದೆ. ತೊಟ್ಟಿಲು ತೂಗುತ್ತಿದ್ದವಳು ನೋಡಿದರೆ ತೋರಣದ ಎಲೆಗಳು ಕುಣಿಯುತ್ತಿವೆ. ಅತ್ತೆಯನ್ನು ಕರೆದೆ. ಅವರು ಕೈ ಮುಗಿದರು.

"ಹಬ್ಬದ ದಿನ ದೇವರು ತಲೆದೂಗ್ತಾನಮ್ಮ. ನಾನು ವರ್ಷಾ ವರ್ಷಾ ನೋಡ್ತೀನಿ."

ನಾನು ಅಡುಗೆಮನೆಗೆ ಹೋಗಿ ಫ್ಯಾನ್ ಆರಿಸಿದೆ. ಎಲೆಗಳು ನಿಂತವು. ಮತ್ತೆ ಹಾಕಿದೆ, ಮತ್ತೆ ಕುಣಿದವು. ಅತ್ತೆ ಮುಗಿದ ಕೈಯನ್ನು ಹಾಗೇ ಕೆಳಗಿಳಿಸಿದರು.

ರುದ್ರೇಶ್ ಪ್ಲೈವುಡ್ ಬಿಚ್ಚಿದರು. ಒಳಗಿನ ತಗಡು ಜರಡಿಯಾಗಿತ್ತು. ಅಷ್ಟು ವರ್ಷಗಳ ಯುಗಾದಿ, ಗೌರಿ, ದೀಪಾವಳಿಯೆಲ್ಲ ಮೊಳೆಯ ತೂತುಗಳಾಗಿ ಅದರಲ್ಲಿದ್ದವು. ಫ್ಯಾನ್ ತಳ್ಳಿದ ಹೊಗೆ ಆ ತೂತುಗಳಿಂದ ನೇರ ತೊಟ್ಟಿಲ ಮೇಲೆ ಇಳಿಯುತ್ತಿತ್ತು. ಊದುಬತ್ತಿ ಹಚ್ಚಿ ಕೊಳವೆಯ ಉದ್ದಕ್ಕೂ ಹಿಡಿದೆ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಅತ್ತೆ ಅರಿಶಿನದ ಬೊಟ್ಟಿಟ್ಟರು. ಒಂದು ಜೋಡಣೆಯೂ ಬಾಯಿ ಬಿಟ್ಟಿತ್ತು.

ತಗಡಿನಲ್ಲೇ ಸಿಕ್ಕಿಕೊಂಡು ಉಳಿದ ಮೊಳೆಗಳನ್ನು ಕೀಳಲು ಅತ್ತೆ ಮಗನ ಕೈಗೆ ಇಕ್ಕಳ ಕೊಡಲಿಲ್ಲ. "ಹೊಡ್ದಿದ್ದು ನಾನು, ನಾನೇ ಕೀಳ್ತೀನಿ," ಎಂದು ಆ ಮಂಡಿಯಲ್ಲೇ ಸ್ಟೂಲ್ ಹತ್ತಿದರು. ಅವರು ಬೀಳದಂತೆ ಸೊಂಟ ಹಿಡಿದು ನಿಂತವಳು ನಾನು. ಮದುವೆಯಾದ ಮೇಲೆ ಅವರನ್ನು ಹಾಗೆ ಹಿಡಿದದ್ದು ಅದೇ ಮೊದಲು. ಅವರು ಅಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನ ರುದ್ರೇಶ್ ಜೋಡಣೆಯನ್ನು ಬಿಗಿ ಮಾಡಿ, ಅರಿಶಿನ ಒರೆಸಿ, ತೂತುಗಳಿಗೆಲ್ಲ ಅಲ್ಯೂಮಿನಿಯಂ ಟೇಪು ಅಂಟಿಸಿದರು. ಮತ್ತೆ ಊದುಬತ್ತಿ ಹಿಡಿದೆವು. ಹೊಗೆ ಎಲ್ಲೂ ಬಾಗದೆ ನೆಟ್ಟಗೆ ಏರಿತು. ಆದರೂ ಅತ್ತೆಗೆ ನಂಬಿಕೆಯಿಲ್ಲ. ತಾರಸಿಯಿಂದ ಸ್ಟೋವ್ ಇಳಿಸದೆ, ಅಡುಗೆಮನೆಯಲ್ಲೇ ಮೊದಲು ಒಂದೇ ಒಂದು ಒಣಮೆಣಸಿನಕಾಯಿ ಎಣ್ಣೆಗೆ ಹಾಕಿ ನಡುಮನೆಗೆ ಓಡಿ ಬಂದರು. ಸ್ಪಂದನಾ ಕಾಲ ಬೆರಳು ಹಿಡಿದು ಆಡುತ್ತಿದ್ದಳು. ಮತ್ತೆ ಒಂದು ಹಿಡಿ ಹಾಕಿ ಬಂದು ತೊಟ್ಟಿಲ ಮುಂದೆ ನಿಂತರು. ಮಗು ಕೆಮ್ಮಲಿಲ್ಲ; ಅಜ್ಜಿಯನ್ನು ನೋಡಿ ನಕ್ಕಿತು.

ಅತ್ತೆ ನನ್ನ ಕಡೆ ತಿರುಗದೆ, ಮೂಲೆಯಲ್ಲಿದ್ದ ಬ್ಯಾಗನ್ನು ಎತ್ತಿ ಒಳಗೆ ಒಯ್ದು ಬಟ್ಟೆಗಳನ್ನು ಒಂದೊಂದಾಗಿ ಬೀರುವಿಗೆ ಜೋಡಿಸತೊಡಗಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಕಣ್ಣು ತುಂಬಿ ಬಂತು. ನೋಡಿಬಿಟ್ಟ ಅತ್ತೆ ಯಾಕೆಂದು ಕೇಳಿದರು. ಒಗ್ಗರಣೆ ಘಾಟು ಎಂದೆ.

"ಘಾಟೆಲ್ಲಿದೆ ಮಾರಾಯ್ತಿ," ಎಂದು ಅವರೂ ಸೆರಗಿನಿಂದ ಕಣ್ಣೊರೆಸಿಕೊಂಡರು.