ಹನ್ನೆರಡನೆಯ ಚೀಟಿ

ತಿಂಗಳ ಮೊದಲ ಭಾನುವಾರ ಬಂತೆಂದರೆ ಅಹ್ಮದ್ ಪಾಷಾ ಮಿಲಿಟರಿ ಕ್ಯಾಂಟೀನಿನಿಂದ ತಂದಿಟ್ಟ ಸೋಪು, ಚಹಾಪುಡಿ, ಬಿಸ್ಕತ್ತುಗಳನ್ನು ಚೀಲಕ್ಕೆ ತುಂಬಿಕೊಂಡು ಹಲಸೂರಿನಿಂದ ಶಿವಾಜಿನಗರಕ್ಕೆ ಹೊರಡುತ್ತಿದ್ದರು. ಅಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ವಿಧವೆ ತಂಗಿ ಬಿಲ್ಕೀಸ್ ಇದ್ದಳು. ಇವರು ಬೀದಿಯಲ್ಲಿ ನಿಂತು ಕೆಮ್ಮಿದರೆ ಸಾಕು, ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಚೀಲ ಮೇಲೇರಿದ ಬೆನ್ನಿಗೇ, “ಭಾಯಿಜಾನ್, ಚಾಯ್ ಇಟ್ಟಿದೀನಿ, ಮೇಲೆ ಬನ್ನಿ” ಎಂಬ ದನಿ ಕೇಳುತ್ತಿತ್ತು. ಹೆಂಡತಿ ನೂರುನ್ನೀಸಾ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಪಾಷಾರನ್ನು ಇಷ್ಟು ದೊಡ್ಡ ಊರಿನಲ್ಲಿ ಮೇಲೆ ಬನ್ನಿ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ತಿಂಗಳ ಉಳಿದ ದಿನಗಳನ್ನು ಅವರು ಆ ಒಂದು ಲೋಟ ಚಹಾದ ದಾರಿ ಕಾಯುತ್ತಾ ತಳ್ಳುತ್ತಿದ್ದರು.

ಹದಿನೇಳು ವರ್ಷ ಸೈನ್ಯದಲ್ಲಿ ಸೇತುವೆ ಕಟ್ಟಿ, ನೆಲಬಾಂಬು ತೆಗೆದು ಬಂದ ಮನುಷ್ಯ. ಆಮೇಲೆ ಮಾಜಿ ಸೈನಿಕರ ಕೋಟಾದಲ್ಲಿ ಕೆ.ಆರ್. ಪುರದಾಚೆಯ ಹೊನ್ನಗಟ್ಟ ಪಂಚಾಯಿತಿಗೆ ಕಾರ್ಯದರ್ಶಿಯಾದರು. ಯಾರ ಮನೆಯಲ್ಲಾದರೂ ಕಾಫಿ ಕುಡಿದರೆ ಮಾತು ಬಂದೀತೆಂದು ನೀರನ್ನೂ ಮನೆಯಿಂದಲೇ ಒಯ್ಯುತ್ತಿದ್ದರು. ಜನ ಹೊಗಳಿದರು. ಒಮ್ಮೆ ಹೊಗಳಿಕೆಯ ರುಚಿ ಹತ್ತಿದ ಮೇಲೆ ಬಿಡುವುದು ಸುಲಭವೇ?

ಇಪ್ಪತ್ತೆಂಟು ವರ್ಷಗಳ ಹಿಂದೆ ಊರಿಗೆ ಹನ್ನೆರಡು ಸರ್ಕಾರಿ ಮನೆ ಬಂದವು. ಅರ್ಜಿ ನಲವತ್ತು, ಅದರಲ್ಲಿ ಆಗ ಅದೇ ಊರಲ್ಲಿ ಬಾಡಿಗೆಗಿದ್ದ ಬಿಲ್ಕೀಸಳದೂ ಒಂದು. ಗ್ರಾಮಸಭೆಯಲ್ಲಿ ಅಧ್ಯಕ್ಷ ಮುನಿಆಂಜನಪ್ಪ ಬಿಂದಿಗೆಯಿಂದ ಚೀಟಿ ಎತ್ತಿ ಕೊಡುತ್ತಿದ್ದರು, ಪಾಷಾ ಬಿಡಿಸಿ ಓದುತ್ತಿದ್ದರು. ಕೊನೆಯ ಚೀಟಿ ಬಿಡಿಸಿದರೆ ಬಿಲ್ಕೀಸಳ ಹೆಸರು. ಸೆಕ್ರೆಟರಿ ತಂಗಿಗೇ ಕೊಟ್ಟುಕೊಂಡ ಎಂದು ನಾಳೆ ಊರೆಲ್ಲ ಆಡಿಕೊಳ್ಳುವುದು ಅವರ ಕಿವಿಗೆ ಆಗಲೇ ಕೇಳಿಸಿತು. ಎದುರಿಗೆ, ಅರ್ಜಿ ಹಾಕಿದ್ದ ರಾಯಚೂರು ಕಡೆಯ ಸುಭದ್ರಮ್ಮ ಕೂಸನ್ನೆತ್ತಿಕೊಂಡು ನಿಂತಿದ್ದಳು. ಪಾಷಾ ಅವಳ ಹೆಸರು ಓದಿ, ಚೀಟಿಯನ್ನು ಜೇಬಿಗೆ ಸೇರಿಸಿದರು. ಕರುಣೆಯಿಂದ ಓದಿದ್ದೇನಲ್ಲ. ಬಾಂಬಿಗೆ ಹೆದರದವರು ನಾಲ್ಕು ಜನರ ಬಾಯಿಗೆ ಹೆದರಿದ್ದರು.

ಮನೆ ಹೋಗಿದ್ದನ್ನು ಬಿಲ್ಕೀಸ್ ಹೇಗೋ ಸಹಿಸಿಕೊಂಡಳು. ಆದರೆ ತನ್ನ ನಸೀಬೇ ಸರಿಯಿಲ್ಲ ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಶುಭಕಾರ್ಯಗಳಲ್ಲಿ ಹಿಂದೆ ಸರಿದಳು, ಮಗಳು ಸಾಮಿಯಾಳ ಮದುವೆಯಲ್ಲಿ ಅಡುಗೆಯವರ ಜೊತೆ ಕೂತಳು. ಈಗ ಮೊಮ್ಮಗಳು ಶಿರೀನಳ ನಿಶ್ಚಿತಾರ್ಥ. ಮೊದಲ ಬಳೆಯನ್ನು ಅಜ್ಜಿಯೇ ತೊಡಿಸಬೇಕೆಂದು ಹುಡುಗಿಯ ಹಟ, ಬರುವುದಿಲ್ಲವೆಂದು ಅಜ್ಜಿಯ ಹಟ. ಸಾಮಿಯಾ ಹಲಸೂರಿಗೆ ಬಂದು ಮಾಮೂನ ಮುಂದೆ ಅತ್ತು ಹೋದಳು. ಚೀಟಿಯ ನಿಜ ಹೇಳಿದರೆ ತನಗಿರುವ ಒಂದೇ ಬಾಗಿಲು ಮುಚ್ಚಬಹುದು ಎಂದು ಪಾಷಾರಿಗೆ ಗೊತ್ತಿತ್ತು.

ಆ ಭಾನುವಾರ ಚಹಾ ಮುಟ್ಟದೆ, ಸೈನ್ಯದ ಡಿಸ್ಚಾರ್ಜ್ ಬುಕ್ಕಿನೊಳಗಿಂದ ಹಳದಿಯಾದ ಚೀಟಿ ತೆಗೆದು ತಂಗಿಯ ಮುಂದಿಟ್ಟರು. ಮನೆಯಲ್ಲಿ ದಖನಿ ಉರ್ದು ಆಡುವವರಿಗೆ ತಪ್ಪೊಪ್ಪಿಕೊಳ್ಳುವಾಗ ಬಂದದ್ದು ಪಂಚಾಯಿತಿಯ ಕನ್ನಡ.

“ಹನ್ನೆರಡನೇ ಚೀಟಿ ನಿನ್ದೇ ಬಂದಿತ್ತು, ಬಿಲ್ಕೀಸ್. ನಾನೇ ಬೇರೆ ಹೆಸರು ಓದ್ಬಿಟ್ಟೆ.”

ಅವಳು ಅಣ್ಣನದೇ ಅಕ್ಷರದಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಒಂದು ಗಳಿಗೆ ಅವಳ ಮುಖ ಎಷ್ಟು ಅರಳಿತೆಂದರೆ, ಬದುಕಿಕೊಂಡೆ ಎಂದು ಪಾಷಾ ಅಂದುಕೊಂಡರು.

“ಹಂಗಾದ್ರೆ ನನ್ನ ನಸೀಬು ಚೆನ್ನಾಗೇ ಇತ್ತು,” ಎಂದಳು. ಆಮೇಲೆ ತಲೆಯೆತ್ತಿ ಅವರನ್ನೇ ನೋಡಿದಳು. “ನಿಮ್ಮ ಹೆಸರು ಕೆಡಬಾರ್ದು ಅಂತ ಇಷ್ಟು ವರ್ಷ ನನ್ನನ್ನ ದರಿದ್ರದವಳು ಮಾಡಿ ಕೂರಿಸಿದ್ರಾ, ಭಾಯಿಜಾನ್?”

ಚೀಟಿಯನ್ನು ಅವಳೇ ಇಟ್ಟುಕೊಂಡಳು.

ಕಮ್ಮನಹಳ್ಳಿಯ ಛತ್ರದಲ್ಲಿ ಬಿಲ್ಕೀಸ್ ಎಲ್ಲರ ಮುಂದೆ ನಡೆದು ಬಂದು ಶಿರೀನಳ ಕೈಗೆ ಮೊದಲ ಬಳೆ ತೊಡಿಸಿದಳು. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಪಾಷಾರಿಗೆ ಕಣ್ಣು ತುಂಬಿತು. ಅವಳು ಈ ಕಡೆ ತಿರುಗಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಅವರು ಕಿಟಕಿಯ ಕೆಳಗೆ ನಿಂತು ಕೆಮ್ಮಿದರು. ಬುಟ್ಟಿ ಇಳಿಯಿತು. ಅದರಲ್ಲಿ ಮುಚ್ಚಳ ಹಾಕಿದ ಸ್ಟೀಲ್ ಲೋಟವಿತ್ತು. ಚಹಾ ಬಿಸಿಯಾಗಿತ್ತು, ಸಕ್ಕರೆ ಅವರಿಗೆ ಬೇಕಾದಷ್ಟೇ ಇತ್ತು. ಆಟೋಗಳು ಜನರನ್ನು ಬದಿಗೆ ಸರಿಸುತ್ತಿದ್ದ ಆ ಸಂದಿಯಲ್ಲಿ ನಿಂತುಕೊಂಡೇ ಕುಡಿದು, ಖಾಲಿ ಲೋಟವನ್ನೂ ಚೀಲವನ್ನೂ ಬುಟ್ಟಿಯಲ್ಲಿಟ್ಟು ಹಗ್ಗ ಜಗ್ಗಿದರು. ಬುಟ್ಟಿ ಮೇಲೇರಿ ಒಳಗೆ ಹೋಯಿತು. ಪಾಷಾ ಇನ್ನೂ ಸ್ವಲ್ಪ ಹೊತ್ತು ಕತ್ತೆತ್ತಿಕೊಂಡು ನಿಂತಿದ್ದರು. ಮೇಲೆ ಬನ್ನಿ ಎಂದು ಯಾರೂ ಕರೆಯಲಿಲ್ಲ.