ಹೊನ್ನವ್ವನ ಹೊಲದ ದವಡೆ

ಮೂವತ್ತೇಳನೆಯ ಇಸವಿಯ ಮುಂಗಾರಿನ ಮಿರಗದ ಮಳೆ ಬಿದ್ದು ಹಿರೇಬೆಂಡಿಗೇರಿಯ ಹೊಲಗಳೆಲ್ಲ ಹದಕ್ಕೆ ಬಂದಿದ್ದವು. ಊರಿಗೆ ಊರೇ ಬಿತ್ತನೆಗೆ ಇಳಿದಿತ್ತು. ಹೊನ್ನವ್ವನ ಕೂರಿಗೆ ಮಾತ್ರ ಬದುವಿನ ಮೇಲೆ ಸುಮ್ಮನೆ ಬಿದ್ದಿತ್ತು. ಅವಳ ಹೊಲದ ನಡುವೆ ಒಂದು ಗುಂಡಿ. ಗುಂಡಿಯ ದಂಡೆಯಲ್ಲಿ ಇಬ್ಬರು ವಿದ್ವಾಂಸರು. ಅವರ ನಡುವೆ, ಹಾಸಿದ ಅರಿವೆಯ ಮೇಲೆ, ಕಲ್ಲಾಗಿಹೋದ ಒಂದು ದವಡೆ.

ಬೇಸಿಗೆಯಲ್ಲಿ ಜಾಲಿಯ ಬೊಡ್ಡೆ ಕೀಳಲು ಆಳಕ್ಕೆ ಅಗೆದಾಗ ಅದು ಸಿಕ್ಕಿತ್ತು. ಸುದ್ದಿ ಕೇಳಿ ಪುಣೆಯಿಂದ ಪ್ರೊಫೆಸರ್ ಚನ್ನವೀರಪ್ಪನವರೂ ಅವರ ಹಳೆಯ ಶಿಷ್ಯ ಮಹಾಲಿಂಗಪ್ಪನೂ ಬಂದಿಳಿದರು. ಅಂದಿನಿಂದ ಹೊನ್ನವ್ವನ ರೊಟ್ಟಿ ತಿಂದು ಒಂದೇ ಸಮನೆ ಜಗಳವಾಡುತ್ತಿದ್ದರು.

"ಕೋರೆಹಲ್ಲು ನೋಡ್ರಿ ಸರ್, ಎಷ್ಟ ಸಣ್ಣದೈತಿ! ಇಂವ ಮನಿಷಾನ. ನಮ್ಮಂಥಾಂವ ಅಲ್ಲ, ಬ್ಯಾರೆ ನಮೂನಿ ಮನಿಷಾ. ಇಂಥಾದ್ದು ಇನ್ನೂ ಯಾರಿಗೂ ಸಿಕ್ಕಿಲ್ಲ," ಎನ್ನುವನು ಮಹಾಲಿಂಗಪ್ಪ.

"ಗದ್ದ ಎಲ್ಲೈತೋ? ಗದ್ದ ಇಲ್ಲದ ಮನಿಷಾನ್ನ ಎಲ್ಲಿಂದ ತಂದಿ? ಇದು ಮಂಗ್ಯಾ. ಒಂದು ದವಡಿ ಹಿಡಕೊಂಡು ಹೊಸಾ ಕುಲಾನ ಹುಟ್ಟಸಾಕ ನಿಂತಾನ!" ಎನ್ನುವರು ಪ್ರೊಫೆಸರರು.

ಹೊನ್ನವ್ವನ ಸಂಕಟವೇ ಬೇರೆ. ಮನುಷ್ಯ ಎಂಬ ಮಾತು ಕಿವಿಗೆ ಬಿದ್ದದ್ದೇ, ಕೂರಿಗೆ ಹೊಡೆಯುವ ಗುದ್ಲೆಪ್ಪ ಎತ್ತು ಬಿಟ್ಟಿದ್ದ. "ಹೆಣಕ್ಕ ಮಣ್ಣು ಬೀಳೂತನಕ ಈ ಹೊಲದಾಗ ಕೂರಗಿ ಹೂಡಂಗಿಲ್ಲ ಯವ್ವಾ," ಎಂದು ತಲೆಯ ಪಟಕ ಬಿಚ್ಚಿ ಹಾಸಿ ಬದುವಿನ ಮೇಲೆ ಮಲಗಿಬಿಟ್ಟಿದ್ದ.

ಬಿಸಿಲು ಬಲಿಯುತ್ತಿತ್ತು. ಹೊನ್ನವ್ವ ಬಗ್ಗಿ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿದಳು. ಉಂಡೆ ಕಟ್ಟುವ ಮೊದಲೇ ಒಡೆಯತೊಡಗಿತ್ತು. ನಾಳೆಗೆ ಈ ಹದ ಉಳಿಯದು.

"ದವಡಿ ನೀವ ಒಯ್ರಿ, ಯಾರು ಬ್ಯಾಡಂದ್ರು? ಗುಂಡಿಗೆ ಇಬ್ರೂ ಒಂದೊಂದು ಹಿಡಿ ಮಣ್ಣು ಹಾಕಿಬಿಡ್ರಿ. ನಾ ಬಿತ್ಕೋತೇನಿ," ಎಂದಳು.

ಮಹಾಲಿಂಗಪ್ಪ ಹಿಗ್ಗಿನಿಂದ ಒಂದು ಹಿಡಿ ಎಸೆದ. "ನೋಡ್ರಿ ಸರ್, ಮನಿಷಾಗ ಮಣ್ಣು ಕೊಟ್ಟೆ!"

ಪ್ರೊಫೆಸರರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾ ಹಾಕಂಗಿಲ್ರಿ ಯವ್ವಾ. ಹಾಕಿದ್ರ ಸೋತೆ ಅಂತ ಇಂವ ಪುಣೇತನಕ ಡಂಗುರಾ ಹೊಡಸ್ತಾನ."

"ಹೆಣದ ಮುಂದ ಕುಂತಾವ್ರು ಇಬ್ರೂ ಹಾಕಬೇಕ ನೋಡವ್ವ," ಗುದ್ಲೆಪ್ಪ ಮಲಗಿದಲ್ಲಿಂದಲೇ ಹೇಳಿದ.

ಹೊನ್ನವ್ವ ಹಣೆ ಹಣೆ ಬಡಿದುಕೊಂಡಳು. "ಮಂಗ್ಯಾ ಅಂತೀರಿ, ಹೌದಿಲ್ರಿ? ಹೋದ ವರ್ಷ ನಮ್ಮೂರಾಗ ಮಂಗ್ಯಾ ಒಂದು ಸತ್ತಿತ್ತು. ಭಜನಿ ಮಾಡಕೋತ ಹೊತ್ಕೊಂಡು ಹೋಗಿ ಊರ ಮಂದೆಲ್ಲಾ ಮಣ್ಣು ಕೊಟ್ಟೇವಿ. ನಿಮ್ಮ ಮಂಗ್ಯಾಗ ಒಂದು ಹಿಡಿ ಹಾಕಿದ್ರ ನಿಮ್ಮ ಕೈ ಸವೀತಾವೇನ್ರಿ?"

ಆಚೆಯ ಹೊಲದಲ್ಲಿ ಯಾರೋ ಎತ್ತುಗಳನ್ನು ಗದರಿಸುವುದು ಕೇಳಿಸುತ್ತಿತ್ತು. ಪ್ರೊಫೆಸರರು ಬೆನ್ನ ಹಿಂದಿನ ಕೈ ಬಿಚ್ಚಿ, ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಗುಂಡಿಗೆ ಹಾಕಿ, "ಮಂಗ್ಯಾಗ," ಎಂದರು.

"ಅದ್ಹೆಂಗ್ರಿ ಸರ್! ನಾ ಮನಿಷಾಗ ಹಾಕೇನಿ!" ಮಹಾಲಿಂಗಪ್ಪ ಎಗರಿಬಿದ್ದ. ಮತ್ತೆ ಶುರುವಾಯಿತು.

ಗುದ್ಲೆಪ್ಪ ಎದ್ದು ಪಟಕ ಸುತ್ತಿಕೊಂಡ. "ಕಡೀಕ ಅದು ಯಾರಂತ ಯವ್ವಾ?"

"ಯಾರರೆ ಆಗ್ಲಿ, ನೀ ಹೂಡೋ," ಎಂದು ಹೊನ್ನವ್ವ ಉಡಿಗೆ ಜೋಳ ತುಂಬಿಕೊಂಡಳು.

ಕೂರಿಗೆ ಹತ್ತಿರ ಬಂದಾಗ ಇಬ್ಬರೂ ದವಡೆಯನ್ನು ಅರಿವೆ ಸಮೇತ ಎತ್ತಿಕೊಂಡು ಬದುವಿಗೆ ಸರಿದರು. ಮಾತು ಮಾತ್ರ ನಿಲ್ಲಲಿಲ್ಲ.