ಓರ್ಟ್ವಿನ್‌ನ ಇಪ್ಪತ್ತು ಟೊಮೆಟೊ ಸಸಿಗಳು

ಕಾಸೆಲ್ ಊರಂಚಿನ ನಮ್ಮ ಬಾಡಿಗೆ ತೋಟಗಳಲ್ಲಿ ಮೇ ಹದಿನೈದರ ಸಂತ ಸೋಫಿಯ ದಿನ ಕಳೆಯುವವರೆಗೆ ಯಾರೂ ಟೊಮೆಟೊ ಸಸಿಯನ್ನು ಹೊರಗೆ ನೆಡುವುದಿಲ್ಲ. ಅಲ್ಲಿಯವರೆಗೂ ಬೆಳಗಿನ ಜಾವ ಮಂಜು ಹೆಪ್ಪುಗಟ್ಟುವ ಭಯ. ಪಕ್ಕದ ತೋಟದ ಓರ್ಟ್ವಿನ್‌ಗೆ ಮಾತ್ರ ಆ ಭಯ ಇರಲಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮನುಷ್ಯ; ಎದುರಿಗೆ ಯಾರು ನಿಂತರೂ ಅವನ ಕಣ್ಣಿಗೆ ಫೇಲಾದ ವಿದ್ಯಾರ್ಥಿಯೇ.

ಏಪ್ರಿಲ್ ಕೊನೆಯಲ್ಲೇ ಇಪ್ಪತ್ತು ಸಸಿ ನೆಟ್ಟ. ಬೇಲಿಯ ಈಚೆ ಮೂಲಂಗಿ ಬೀಜ ಬಿತ್ತುತ್ತಿದ್ದ ನನ್ನನ್ನು ನೋಡಿ, "ಇನ್ನೂ ಸಂತರ ಅಪ್ಪಣೆಗೆ ಕಾಯ್ತಿದೀರಾ, ಗುಂಡುಲಾ?" ಎಂದ.

"ನಿಮ್ಮ ಸಸಿಗಳೂ ಭೌತಶಾಸ್ತ್ರ ಓದಿದಾವಾ?" ಎಂದೆ.

ಅವನು ನನಗೆ ಬೆನ್ನು ಹಾಕಿ ಸಸಿಗಳಿಗೆ ಕೋಲು ಕಟ್ಟತೊಡಗಿದ.

ಮೇ ಹನ್ನೆರಡಕ್ಕೆ ಅವನು ಹಳೆಯ ಸಹೋದ್ಯೋಗಿಗಳ ಜೊತೆ ಒಂದು ವಾರದ ಪ್ರವಾಸ ಹೋದ. ಮರುದಿನ ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ. ಅವನ ಸಸಿಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಅವನು ಬಂದು ನೋಡುವಾಗ ಬೇಲಿಯ ಹತ್ತಿರವೇ ನಿಂತಿರಬೇಕೆಂದು ನಿಶ್ಚಯಿಸಿದೆ.

ಆದರೆ ಸೋಫಿಯ ದಿನ ಕಳೆದ ಮೇಲೆ ಅವನ ಹೆಂಡತಿ ರೋಸ್ವಿತಾ ಸೈಕಲ್‌ನಲ್ಲಿ ಎರಡು ಸಲ ನರ್ಸರಿಗೆ ಹೋಗಿ ಹೊಸ ಸಸಿ ತಂದಳು. ಸತ್ತವನ್ನು ಕಿತ್ತು, ಅದೇ ಗುಣಿಗಳಲ್ಲಿ ನೆಟ್ಟಳು.

"ಅವನಿಗೆ ಹೇಳ್ಬೇಡ ಮಾರಾಯ್ತಿ," ಎಂದಳು. "ಗೊತ್ತಾದ್ರೆ ಬೇಸಿಗೆ ಪೂರ್ತಿ ಮುಖ ಊದಿಸ್ಕೊಂಡಿರ್ತಾನೆ. ದಿನಾ ಆ ಮುಖ ನೋಡ್ಬೇಕಾದೋಳು ನಾನು."

ಅವಳಿಗಾಗಿ ಬಾಯಿ ಮುಚ್ಚಿಕೊಂಡೆ.

ಜೂನ್‌ನಲ್ಲಿ ತೋಟದವರ ಸಭೆ ಸೇರಿದಾಗ ಓರ್ಟ್ವಿನ್ ಎದ್ದು ನಿಂತ. "ಮೇ ಹದಿಮೂರರ ಬೆಳಿಗ್ಗೆ ಇಲ್ಲಿ ಮೈನಸ್ ಮೂರು ಡಿಗ್ರಿ ಇತ್ತು, ಪೇಪರಲ್ಲೇ ಬಂದಿತ್ತು. ನಂದು ಒಂದೆಲೆನೂ ಬಾಡಿಲ್ಲ. ನೋಟಿಸ್ ಬೋರ್ಡಿಂದ ಆ ಸೋಫಿ ಕಥೆ ತೆಗೆದುಹಾಕಿ. ಹೆಂಗಸರ ಮೂಢನಂಬಿಕೆ ಇನ್ನು ಸಾಕು."

ರೋಸ್ವಿತಾ ಕೇಕ್ ಕತ್ತರಿಸುತ್ತಿದ್ದಳು. ತಲೆ ಎತ್ತದೆ, "ಇಪ್ಪತ್ತೂ ಸತ್ತಿದ್ವು, ಓರ್ಟ್ವಿನ್. ಈಗಿರೋವೆಲ್ಲ ಈ ಹೆಂಗಸು ನೆಟ್ಟಿದ್ದು" ಎಂದಳು.

ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಅವನ ಕಿವಿ ಕೆಂಪೇರಿತು. "ಮಣ್ಣು ಹದ ಮಾಡಿದ್ದು ನಾನೇ ಅಲ್ವಾ" ಎಂದು ಕುಳಿತ. ಅಷ್ಟಾದರೂ ಸೋಲೊಪ್ಪದ ಜನ್ಮ.

ಅಲ್ಲಿಯವರೆಗೆ ನೀರು ಹಾಕುತ್ತಿದ್ದ ರೋಸ್ವಿತಾ ಅಂದಿನಿಂದ ಆ ಟೊಮೆಟೊ ಸಾಲಿನ ಹತ್ತಿರ ಸುಳಿಯಲಿಲ್ಲ. ಈಗ ಸಂಜೆ ಸಂಜೆ ನೀರಿನ ಕ್ಯಾನ್ ಹೊತ್ತು ಓಡಾಡುವವನು ಅವನೇ. ನನ್ನ ಬೇಲಿಯ ಕಡೆ ಮಾತ್ರ ತಿರುಗಿಯೂ ನೋಡುವುದಿಲ್ಲ. ನಾನಂತೂ ದಿನಾ ಕುರ್ಚಿ ಹಾಕಿಕೊಂಡು ನೋಡುತ್ತೇನೆ.